ಕೆಲಸದ ಊರೂ ಮನೆಯ ಊರೂ



ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಹೋಗುವ ರೈಲುದಾರಿಯ ಮೇಲೆ, ಸುಮಾರು 20 ಕಿಲೋಮೀಟರು ದೂರದಲ್ಲಿ, ಕುಂದಗೋಳವೆಂಬ ಊರಿದೆ. ಎರೆಯ ನೆಲ, ಹತ್ತಿ, ಜೋಳ, ಮೆಣಸಿನಕಾಯಿ ಇವುಗಳ ನಡುವೆ ಇರುವ ಈ ತಾಲ್ಲೂಕಿನ ಊರಿಗೆ ಪ್ರತಿದಿನವೂ ಬೆಳಿಗ್ಗೆ ಹುಬ್ಬಳ್ಳಿಯಿಂದ ಒಂದು ಸಣ್ಣ ದಂಡೇ ಬಂದು ಇಳಿಯುತ್ತದೆ. ಅಧ್ಯಾಪಕರು, ಕಚೇರಿಯ ಗುಮಾಸ್ತರು, ಬ್ಯಾಂಕಿನವರು, ಆಸ್ಪತ್ರೆಯ ದಾದಿಯರು, ಎಲ್ಲರ ಕೈಯಲ್ಲಿಯೂ ಬುತ್ತಿಯ ಡಬ್ಬಿ, ಎಲ್ಲರ ಕಣ್ಣೂ ಗಡಿಯಾರದ ಮೇಲೆ. ಸಂಜೆ ಅದೇ ದಂಡು ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಆ ದಂಡಿನಲ್ಲಿ ಹತ್ತು ವರ್ಷಗಳಿಂದ ನಾವೂ ಒಬ್ಬರು.

ಕೆಲಸವಿರುವ ಊರಿನಲ್ಲಿಯೇ ಮನೆ ಮಾಡುವುದು ಲೇಸೋ, ಪಟ್ಟಣದಲ್ಲಿ ಮನೆಯನ್ನಿಟ್ಟುಕೊಂಡು ದಿನವೂ ಹೋಗಿಬರುವುದು ಲೇಸೋ ಎಂಬ ಪ್ರಶ್ನೆ ಈ ದಂಡಿನ ಪ್ರತಿಯೊಬ್ಬರನ್ನೂ ಒಂದಲ್ಲ ಒಂದು ದಿನ ಕಾಡಿಯೇ ಇರುತ್ತದೆ. ಸಾಮಾನ್ಯವಾಗಿ ರೈಲು ತಡವಾದ ದಿನ. ನಮ್ಮನ್ನಂತೂ ಅದು ಈಚೆಗೆ ಬಿಡದೆ ಹಿಡಿದಿದೆ. ಆದಕಾರಣ ಇಂದು ಅದನ್ನು ತಮ್ಮೆದುರಿಗಿಟ್ಟು, ಮಾತನಾಡುತ್ತಲೇ ಒಂದು ತೀರ್ಮಾನಕ್ಕೆ ಬರಬೇಕೆಂದಿದ್ದೇವೆ.

ಈ ಪ್ರಶ್ನೆ ರೈಲಿನೊಂದಿಗೆ ಹುಟ್ಟಿದುದಲ್ಲ. ಕನ್ನಡ ನಾಡಿನ ಬೇಸಾಯಗಾರನು ಅದಕ್ಕೆ ಎಂದೋ ಎರಡು ಉತ್ತರಗಳನ್ನು ಕೊಟ್ಟಿದ್ದಾನೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮನೆ ತೋಟದ ಅಂಚಿನಲ್ಲಿರುತ್ತದೆ. ಜಗಲಿಯಿಂದ ಇಳಿದರೆ ಕೆಲಸ, ಹತ್ತಿದರೆ ವಿಶ್ರಾಂತಿ. ಒಂದು ಮನೆಯಿಂದ ಇನ್ನೊಂದು ಮನೆಗೆ ಕೂಗಿದರೆ ಕೇಳಿಸದಷ್ಟು ದೂರವಿರುವುದೂ ಉಂಟು. ಧಾರವಾಡ ಸೀಮೆಯ ಬಯಲಿನಲ್ಲಿ ಹಾಗಲ್ಲ. ಅಲ್ಲಿ ಮನೆಗಳೆಲ್ಲ ಕೆರೆಯ ಬಳಿ ಒಂದಕ್ಕೊಂದು ಗೋಡೆ ಹಚ್ಚಿ ಕುಳಿತಿರುತ್ತವೆ, ಹೊಲಗಳು ದೂರ. ಒಕ್ಕಲಿಗನು ಬೆಳಿಗ್ಗೆ ಬಂಡಿ ಕಟ್ಟಿ ಹೋಗುತ್ತಾನೆ, ಮಧ್ಯಾಹ್ನಕ್ಕೆ ಬುತ್ತಿ ಹೋಗುತ್ತದೆ, ದೀಪ ಹಚ್ಚುವ ಹೊತ್ತಿಗೆ ಮರಳುತ್ತಾನೆ. ನೀರಿನ ಆಸರೆ, ಕಳ್ಳಕಾಕರ ಭಯ, ಮಳೆ ಹಿಡಿದರೆ ಕಾಲು ಕೀಳಲಾಗದ ಎರೆಯ ಮಣ್ಣು ಇವೆಲ್ಲ ಅದಕ್ಕೆ ಕಾರಣ. ಅಂದಮೇಲೆ ದಿನವೂ ಹೋಗಿಬರುವವರು ತಪ್ಪಿತಸ್ಥರಂತೆ ತಲೆ ತಗ್ಗಿಸಬೇಕಾದುದಿಲ್ಲ. ಕುಂದಗೋಳದ ರೈತನೂ ಹೋಗಿಬರುವವನೇ.

ಪಟ್ಟಣದ ಪರವಾಗಿ ಹೇಳತಕ್ಕುದು ಬಹಳವಿದೆ. ಮಕ್ಕಳಿಗೆ ಶಾಲೆ, ವೃದ್ಧರಾದ ತಂದೆತಾಯಿಗಳಿಗೆ ವೈದ್ಯರು, ಪುಸ್ತಕದಂಗಡಿ, ಸಂಗೀತ, ಸಭೆ, ಇವೆಲ್ಲ ಹುಬ್ಬಳ್ಳಿಯಲ್ಲಿವೆ. ಅದಕ್ಕಿಂತ ಹೆಚ್ಚಾಗಿ ಇಂದಿನ ಅನೇಕ ಮನೆಗಳಲ್ಲಿ ದುಡಿಯುವವರು ಇಬ್ಬರು. ಗಂಡನ ಕೆಲಸ ಕುಂದಗೋಳದಲ್ಲಿ, ಹೆಂಡತಿಯ ಕೆಲಸ ಧಾರವಾಡದಲ್ಲಿ ಆದರೆ, ಹುಬ್ಬಳ್ಳಿಯಲ್ಲಿ ಮನೆ ಮಾಡುವುದು ಬರಿಯ ಗಣಿತವಾಗುತ್ತದೆ. ಸರ್ಕಾರದ ನೌಕರನ ಮಾತು ಹೇಳುವುದೇ ಬೇಡ. ಮನೆ ಹೂಡಿ, ಗೋಡೆಗೆ ಮೊಳೆ ಹೊಡೆಯುವಷ್ಟರಲ್ಲಿ ವರ್ಗಾವಣೆಯ ಕಾಗದ ಬರುತ್ತದೆ.

ಇನ್ನು ಎದುರು ಬದಿಯ ಲೆಕ್ಕವನ್ನು ನೋಡೋಣ. ಮನೆಯ ಬಾಗಿಲಿನಿಂದ ಕಾಲೇಜಿನ ಬಾಗಿಲಿಗೆ, ನಿಲ್ಲುವುದು ಕಾಯುವುದು ಸೇರಿ, ನಮಗೆ ಒಂದು ಗಂಟೆ ಹಿಡಿಯುತ್ತದೆ, ಹೋಗಿಬರಲು ಎರಡು. ವರ್ಷಕ್ಕೆ 220 ಕೆಲಸದ ದಿನಗಳೆಂದರೆ 440 ಗಂಟೆ. ಇಪ್ಪತ್ತು ವರ್ಷಕ್ಕೆ 8,800 ಗಂಟೆ. ಇದನ್ನು ಇಪ್ಪತ್ತನಾಲ್ಕರಿಂದ ಭಾಗಿಸಿದಾಗ ನಾವು ಬರೆಯುವ ಕಡ್ಡಿಯನ್ನು ಕೆಳಗಿಟ್ಟೆವು: 366 ದಿನಗಳಿಗಿಂತಲೂ ಹೆಚ್ಚು. ಅಂದರೆ ಆಯುಷ್ಯದ ಒಂದು ಸಂವತ್ಸರ, ಹಗಲಿರುಳೂ ಸೇರಿ, ಹುಬ್ಬಳ್ಳಿಗೂ ಕುಂದಗೋಳಕ್ಕೂ ನಡುವಿನ ದಾರಿಯ ಪಾಲು.

ಈ ವಿಷಯವನ್ನು ಹೊರದೇಶದ ವಿದ್ವಾಂಸರೂ ಕೈಗೆತ್ತಿಕೊಂಡಿದ್ದಾರೆ. ಇಟಲಿಯ ಚೆಸಾರೆ ಮಾರ್ಕೆಟ್ಟಿ ಎಂಬವರು 1994ರಲ್ಲಿ, ಮನುಷ್ಯನು ಕಾಲ್ನಡಿಗೆಯವನಾಗಲಿ ವಾಹನದವನಾಗಲಿ, ದಿನಕ್ಕೆ ಸರಾಸರಿ ಒಂದು ಗಂಟೆಯನ್ನು ಮಾತ್ರವೇ ಓಡಾಟಕ್ಕೆ ಕೊಡಲು ಒಪ್ಪುತ್ತಾನೆ ಎಂದು ವಾದಿಸಿದರು. ವಾಹನದ ವೇಗ ಹೆಚ್ಚಿದರೆ ಸಮಯ ಉಳಿಯುವುದಿಲ್ಲ, ಊರು ಅಗಲವಾಗುತ್ತದೆ. ಸ್ವಿಟ್ಸರ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಸ್ಟುಟ್ಸರ್ ಮತ್ತು ಫ್ರೈ ಎಂಬವರು ಜರ್ಮನಿಯ ಜನರ ವಿಷಯವನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇನ್ನೊಂದು ಮಾತಿದೆ. ದೂರದಿಂದ ಓಡಾಡುವವನಿಗೆ ಹೆಚ್ಚಿನ ಸಂಬಳವೋ ಒಳ್ಳೆಯ ಮನೆಯೋ ದೊರೆತು ನಷ್ಟ ತುಂಬಿಬರಬೇಕೆಂಬುದು ಅರ್ಥಶಾಸ್ತ್ರದ ನಂಬಿಕೆ. ಆದರೆ ಜನರ ಬಾಯಿಂದಲೇ ಕೇಳಿದಾಗ ಅದು ತುಂಬಿಬಂದಂತೆ ಕಾಣಲಿಲ್ಲ, ದಾರಿ ಉದ್ದವಾದಷ್ಟೂ ಜೀವನದ ತೃಪ್ತಿ ಕಡಮೆಯಾಗಿತ್ತು.

ಆದರೂ ದಾರಿಯ ಪರವಾಗಿ ಒಬ್ಬ ಸಾಕ್ಷಿಯನ್ನು ಕರೆಯದಿದ್ದರೆ ಅನ್ಯಾಯವಾದೀತು. ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯಲ್ಲಿ ವೆಮಿಕ್ಕನೆಂಬ ಗುಮಾಸ್ತನಿದ್ದಾನೆ. ಕೆಲಸ ಲಂಡನ್ನಿನ ಒಂದು ವಕೀಲರ ಕಚೇರಿಯಲ್ಲಿ, ಮನೆ ವಾಲ್‌ವರ್ತಿನಲ್ಲಿ. ಮನೆಯಲ್ಲಿ ಅವನು ಮುದಿ ತಂದೆಯನ್ನು ಮಗುವಿನಂತೆ ನೋಡಿಕೊಳ್ಳುವ ಪ್ರೀತಿಯ ಜೀವ. ಬೆಳಿಗ್ಗೆ ಕಚೇರಿಯತ್ತ ಹೆಜ್ಜೆ ಹಾಕಿದಂತೆಲ್ಲ ಅವನ ಮುಖ ಬಿಗಿಯುತ್ತ ಬಿಗಿಯುತ್ತ, ಬಾಯಿ ಅಂಚೆಯ ಡಬ್ಬದ ಸೀಳಿನಂತಾಗುತ್ತದೆ. ಅವನ ಪಾಲಿಗೆ ದಾರಿಯೇ ಕೋಟೆಯ ಕಂದಕ. ಕಚೇರಿಯ ಕೆಸರು ಮನೆಯೊಳಕ್ಕೆ ಬರದಂತೆ ಅದು ತಡೆಯುತ್ತದೆ. ಕಚೇರಿ ಅಂಥದಾದಾಗ ದೂರವೂ ಒಂದು ವರವೇ.

ಆದರೆ ಎಲ್ಲ ಕೆಲಸವೂ ಅಂಥದಲ್ಲ. ಕುಂದಗೋಳದ ಚರಿತ್ರೆಯಲ್ಲಿಯೇ ಬೇರೆ ಜಾತಿಯ ಕೆಲಸದ ಉದಾಹರಣೆಯೊಂದಿದೆ. ಅದನ್ನು ಸ್ವಲ್ಪ ಸಾವಕಾಶವಾಗಿ ನೋಡಬೇಕು.

1886ರಲ್ಲಿ ಹುಟ್ಟಿದ ರಾಮಭಾವು ಕುಂದಗೋಳಕರರು ಹುಡುಗನಾಗಿದ್ದಾಗ ಊರಿನಲ್ಲಿ ಹೈಸ್ಕೂಲು ಇರಲಿಲ್ಲ. ಆದ್ದರಿಂದ ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಹೈಸ್ಕೂಲಿಗೆ ದಿನವೂ ಉಗಿಬಂಡಿಯಲ್ಲಿ ಹೋಗಿಬರುತ್ತಿದ್ದರು. ಆಗ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು, ಹುಬ್ಬಳ್ಳಿ ಮುಂಬಯಿ ಪ್ರಾಂತಕ್ಕೆ; ಹುಡುಗ ಬೆಳಿಗ್ಗೆ ಒಂದು ಆಳ್ವಿಕೆಯಿಂದ ಹೊರಟು ಇನ್ನೊಂದರಲ್ಲಿ ಪಾಠ ಕೇಳಿ ಸಂಜೆ ಮರಳುತ್ತಿದ್ದ. ಓದು ಮುಂದುವರಿಯಲಿಲ್ಲ, ಸಂಗೀತ ಹಿಡಿಯಿತು. ಅಬ್ದುಲ್ ಕರೀಂ ಖಾನರ ಶಿಷ್ಯರಾಗಿ, ಮರಾಠಿ ರಂಗಭೂಮಿಯಲ್ಲಿ ಹೆಸರು ಗಳಿಸಿ, ಸವಾಯಿ ಗಂಧರ್ವರೆನಿಸಿಕೊಂಡು, ಕೊನೆಗೆ ಅವರು ಕುಂದಗೋಳಕ್ಕೇ ಬಂದು ನೆಲೆಸಿದರು.

1930ರ ದಶಕದಲ್ಲಿ ಅವರ ಬಳಿ ಕಲಿತವರಲ್ಲಿ ಇಬ್ಬರ ಹೆಸರು ದೇಶವೆಲ್ಲ ಬಲ್ಲದು. ಗುರುವನ್ನು ಹುಡುಕುತ್ತ ಎಳೆಯ ವಯಸ್ಸಿನಲ್ಲಿಯೇ ಮನೆ ಬಿಟ್ಟು ಉತ್ತರದೇಶವನ್ನೆಲ್ಲ ಸುತ್ತಿದ್ದ ಗದಗಿನ ಭೀಮಸೇನ ಜೋಶಿ 1936ರ ಸುಮಾರಿಗೆ ಕುಂದಗೋಳಕ್ಕೆ ಬಂದು ಗುರುಗೃಹದಲ್ಲಿಯೇ ಉಳಿದರು. ನೀರು ಹೊತ್ತರು, ಮನೆಗೆಲಸ ಮಾಡಿದರು, ಗುರುಗಳು ಕರೆದಾಗ ತಂಬೂರಿಯ ಮುಂದೆ ಕುಳಿತರು. ಗಂಗೂಬಾಯಿ ಹಾನಗಲ್ಲರಿಗೆ ಆ ಅನುಕೂಲವಿರಲಿಲ್ಲ. ತಾಯಿ ಅಂಬಾಬಾಯಿ 1932ರಲ್ಲಿಯೇ ತೀರಿಕೊಂಡಿದ್ದರು; ಮನೆ ಮಕ್ಕಳ ಹೊಣೆಯೆಲ್ಲ ಹುಬ್ಬಳ್ಳಿಯಲ್ಲಿತ್ತು. ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಬಂದು, ಪಾಠ ಹೇಳಿಸಿಕೊಂಡು, ರೈಲಿನಲ್ಲಿಯೇ ಹಿಂದಿರುಗುತ್ತಿದ್ದರು. ಹೊರಟಾಗ ಭೀಮಸೇನರು ನಿಲ್ದಾಣದವರೆಗೆ ಜೊತೆಯಲ್ಲಿ ಬಂದು, ಅಂದು ಗುರುಗಳು ಏನು ಹೇಳಿಕೊಟ್ಟರೆಂದು ಕೇಳುತ್ತಿದ್ದುದುಂಟು. ಅಲ್ಲಿಯೇ ಇದ್ದವನು ಹೋಗಿಬರುವವರನ್ನು ಪಾಠ ಕೇಳುವುದು! ಗುರುಗಳು ಒಂದು ದಿನಕ್ಕೆ ಕೊಡುತ್ತಿದ್ದುದು ಕೆಲವೇ ಸ್ವರಪಂಕ್ತಿಗಳು. ಅವನ್ನೇ ಮತ್ತೆ ಮತ್ತೆ ತಿದ್ದಬೇಕು.

ಇಬ್ಬರ ಸಂಗೀತದಲ್ಲಿ ಯಾರು ಗುರುವಿನ ಮನೆಯಲ್ಲಿದ್ದವರು, ಯಾರು ರೈಲಿನಲ್ಲಿ ಬಂದವರು ಎಂದು ಕೇಳಿ ಹೇಳಬಲ್ಲವರು ಯಾರು? ಇಷ್ಟರಿಂದ, ಎಲ್ಲಿದ್ದರೂ ಒಂದೇ, ಮನಸ್ಸಿದ್ದರೆ ಸಾಕು, ಎಂದು ನಾವು ಬಹುಕಾಲ ಸಮಾಧಾನ ಮಾಡಿಕೊಂಡಿದ್ದೆವು. ಗಂಗೂಬಾಯಿಯವರು ಹೋದ ದಾರಿಯಲ್ಲಿಯೇ ತಾನೆ ನಾವೂ ಹೋಗಿಬರುವುದು ಎಂಬ ಹೆಮ್ಮೆಯೂ ಇತ್ತು.

ಆ ಸಮಾಧಾನವನ್ನು ಕೆಡಿಸಿದವನು ಒಬ್ಬ ವಿದ್ಯಾರ್ಥಿ. ಕಳೆದ ಚಳಿಗಾಲದಲ್ಲಿ ಒಂದು ಸಂಜೆ, ತರಗತಿ ಮುಗಿದ ಮೇಲೆ, ಹಿಂದಿನ ಬೆಂಚಿನಲ್ಲಿ ವರ್ಷವೆಲ್ಲ ಮೌನವಾಗಿ ಕುಳಿತಿದ್ದ ಹುಡುಗನೊಬ್ಬನು ಪುಸ್ತಕ ಹಿಡಿದು ಬಾಗಿಲ ಬಳಿ ಬಂದನು. ಪ್ರಶ್ನೆಯನ್ನು ಅರ್ಧ ಕೇಳಿದ್ದನು. ನಮಗೆ ಅರಿವಿಲ್ಲದೆಯೇ ನಮ್ಮ ಕಣ್ಣು ಗಡಿಯಾರದ ಕಡೆ ಹೋಯಿತು. ಅವನು ಅದನ್ನು ನೋಡಿ, “ನಾಳೆ ಕೇಳ್ತೀನ್ರಿ ಸರ್, ನಿಮ್ಮ ಗಾಡಿ ಹೊತ್ತಾತು” ಎಂದು ನಕ್ಕು ಹೊರಟುಹೋದನು. ನಾಳೆ ಅವನು ಕೇಳಲಿಲ್ಲ. ನಾವೇ ಕರೆದು ಕೇಳಿದಾಗ, ಮರೆತೆನೆಂದನು.

ಅಂದು ರೈಲಿನಲ್ಲಿ ಕುಳಿತಾಗ ಹೊಳೆದ ಮಾತು ಇದು. ಗಂಗೂಬಾಯಿಯವರು ಹೋಗಿಬರುತ್ತಿದ್ದರು, ನಿಜ; ಆದರೆ ಸವಾಯಿ ಗಂಧರ್ವರು ಹೋಗಿಬರುತ್ತಿರಲಿಲ್ಲ. ಶಿಷ್ಯೆಯ ರೈಲು ತಡವಾದರೂ ಗುರು ಅಲ್ಲಿಯೇ ಇರುತ್ತಿದ್ದರು. ಒಂದು ಕೊನೆ ನೆಲೆಯಾಗಿ ನಿಂತಿದ್ದುದರಿಂದಲೇ ಇನ್ನೊಂದು ಕೊನೆ ಓಡಾಡಬಹುದಾಗಿತ್ತು. ನಾವು ನಮ್ಮನ್ನು ಶಿಷ್ಯೆಗೆ ಹೋಲಿಸಿಕೊಂಡು ಹೆಮ್ಮೆಪಟ್ಟಿದ್ದೆವು. ನಮ್ಮ ಪೀಠವೋ ಗುರುವಿನದು. ನಮ್ಮ ತರಗತಿಯ ಹುಡುಗರೂ ಸುತ್ತಲಿನ ಹಳ್ಳಿಗಳಿಂದ ಬಸ್ಸು ಹಿಡಿದು ಬರತಕ್ಕವರು. ಕೊಡುವವನೂ ಹೋಗಿಬರುವವನು, ಕೊಳ್ಳುವವನೂ ಹೋಗಿಬರುವವನು ಆದಲ್ಲಿ ಇಬ್ಬರೂ ಕೂಡುವುದು ಗಂಟೆ ಹೊಡೆದಾಗ ಮಾತ್ರ. ವಿದ್ಯೆ, ವೈದ್ಯ, ನ್ಯಾಯ ಇವುಗಳಿಗೆ ಗಂಟೆಯ ಹೊರಗೂ ಬಾಗಿಲು ತೆರೆದಿರಬೇಕು. ರೋಗ ಐದು ಗಂಟೆಗೆ ಮನೆಗೆ ಹೋಗುವುದಿಲ್ಲ, ಸಂದೇಹವೂ ಹಾಗೆಯೇ.

ಹಾಗಾದರೆ ನಾಳೆಯೇ ಗಂಟುಮೂಟೆ ಕಟ್ಟಬೇಕೆ? ನಮ್ಮ ಮನೆಯಲ್ಲಿ ಎಂಬತ್ತು ದಾಟಿದ ತಾಯಿಯವರಿದ್ದಾರೆ. ಅವರ ವೈದ್ಯರು ಹುಬ್ಬಳ್ಳಿಯಲ್ಲಿದ್ದಾರೆ. ಅವರನ್ನು ಕದಲಿಸಿ ಕರ್ತವ್ಯನಿಷ್ಠೆಯನ್ನು ಮೆರೆಯುವುದು ನಮ್ಮಿಂದಾಗದು. ಈ ತೊಡಕಿನಲ್ಲಿ ನಮಗೆ ದಾರಿ ತೋರಿದವನು ಮೊದಲು ಹೇಳಿದ ಬಯಲುಸೀಮೆಯ ರೈತನೇ. ಅವನ ಮನೆ ಊರಿನಲ್ಲಿ, ಹೊಲ ದೂರದಲ್ಲಿ. ಆದರೆ ಜೋಳದ ತೆನೆ ಹಾಲುಗಟ್ಟಿದಾಗ ಅವನು ಹೊಲದಲ್ಲಿ ಅಟ್ಟಣೆ ಕಟ್ಟಿ, ಕವಣೆ ಹಿಡಿದು ಹಕ್ಕಿ ಕಾಯುತ್ತಾನೆ. ರಾಶಿಯ ಕಾಲದಲ್ಲಿ ಕಣದಲ್ಲಿಯೇ ಮಲಗುತ್ತಾನೆ. ಪೈರು ಯಾವಾಗ ತನ್ನನ್ನು ಬೇಡುತ್ತದೆಂಬುದು ಅವನಿಗೆ ಗೊತ್ತು; ಆ ದಿನಗಳಲ್ಲಿ ಊರಿನ ಮನೆಯ ಮಾತೆತ್ತುವುದಿಲ್ಲ.

ಕಾಲೇಜಿನ ಹತ್ತಿರ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೇವೆ. ವಾರದಲ್ಲಿ ಎರಡು ರಾತ್ರಿ, ಪರೀಕ್ಷೆಯ ಮುಂದಿನ ತಿಂಗಳಲ್ಲಿ ನಾಲ್ಕು ರಾತ್ರಿ, ಅಲ್ಲಿ ಉಳಿಯುವುದೆಂದು ಮನೆಯಲ್ಲಿ ಮಾತಾಗಿದೆ. ತಾಯಿಯವರು ಒಪ್ಪಿದ್ದಾರೆ, ಹಾಸಿಗೆಯನ್ನು ಅವರೇ ಸುತ್ತಿಸಿಟ್ಟಿದ್ದಾರೆ. ಇದು ಪೂರ್ಣವಾದ ಉತ್ತರವೆಂದು ನಾವು ಹೇಳುವುದಿಲ್ಲ. ತಮ್ಮ ತಮ್ಮ ಕೆಲಸ ವೆಮಿಕ್ಕನದೋ, ಸವಾಯಿ ಗಂಧರ್ವರದೋ ಎಂಬುದನ್ನು ಪ್ರತಿಯೊಬ್ಬರೂ ತಾವೇ ನೋಡಿಕೊಳ್ಳಬೇಕು. ನಮ್ಮ ಮಟ್ಟಿಗೆ, ಬರುವ ಸೋಮವಾರ ಸಂಜೆ ಗಾಡಿ ಹೊತ್ತಿಗೆ ಸರಿಯಾಗಿ ಹೊರಡುತ್ತದೆ, ನಾವು ಅದರಲ್ಲಿರುವುದಿಲ್ಲ. ಆ ಹುಡುಗನಿಗೆ ತನ್ನ ಪ್ರಶ್ನೆ ನೆನಪಾದರೆ, ಕೋಣೆಯಲ್ಲಿ ದೀಪ ಉರಿಯುತ್ತಿರುತ್ತದೆ.