ಟ್ರಂಕಿನಲ್ಲಿ ಉಳಿದ ಹೊಲಿಗೆ
(ಮಹಿಳಾ ಸಂಘದ ಸಭೆಯಲ್ಲಿ ಗ್ರಾಮಸೇವಿಕೆ ಮಾಡಿದ ಭಾಷಣ)



ಹೊಲಿಗೆಯ ವಿಷಯವಾಗಿ ಎರಡು ಮಾತು ಹೇಳಬೇಕೆಂದು ಸಂಘದವರು ಕೇಳಿದಾಗ ನನಗೆ ನಗು ಬಂತು. ನಾನು ಓದಿದ್ದು ಕೃಷಿ ಡಿಪ್ಲೊಮಾ. ಸಜ್ಜೆಯ ಸಾಲಿನ ಅಂತರ ಕೇಳಿದರೆ ತಟ್ಟನೆ 45 ಸೆಂಟಿಮೀಟರ್ ಎನ್ನುತ್ತೇನೆ. ಕುಪ್ಪಸದ ಬಗಲಿನ ಅಳತೆ ಕೇಳಿದರೆ ತಡವರಿಸುತ್ತೇನೆ. ಆದರೂ ಒಪ್ಪಿಕೊಂಡೆ. ಹೊಲಿಯುವುದು ಹೇಗೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹಿಡಿದ ಹೊಲಿಗೆ ಮುಗಿಯದೆ ಏಕೆ ಉಳಿಯುತ್ತದೆ ಎಂಬುದನ್ನು ಮಾತ್ರ ಇಂದು ವಿಚಾರ ಮಾಡೋಣ.

ನನ್ನ ತವರು ಕುಷ್ಟಗಿ ಕಡೆ, ಕೆಲಸ ಗಂಗಾವತಿ ಕಡೆ. ಎರಡೂ ಕಡೆಯ ಮನೆಗಳಲ್ಲಿ ಟ್ರಂಕು ತೆರೆದಾಗ ಕಾಣುವುದು ಒಂದೇ. ಅರ್ಧ ಹೊಲಿದ ಕೌದಿ, ತೋಳು ಹಚ್ಚದ ಕುಪ್ಪಸ, ಸೆರಗಿನ ಒಂದು ಕಡೆ ಮಾತ್ರ ಕುಚ್ಚು ಕಟ್ಟಿದ ಸೀರೆ. ಒಂದು ಮನೆಯಲ್ಲಿ ಉಣ್ಣೆಯ ಕುಲಾಯಿ ನೋಡಿದೆ. ಅದನ್ನು ಹೆಣೆಯಲು ಹಿಡಿದಾಗ ಹೊಟ್ಟೆಯಲ್ಲಿದ್ದ ಕೂಸು ಈಗ ಅಂಗನವಾಡಿಗೆ ಹೋಗುತ್ತಿದೆ. ಆ ತಾಯಿ ನಾಚಿಕೊಂಡು, "ನಾ ಭಾಳ ಮೈಗಳ್ಳಿ ಇದ್ದೀನ್ರಿ ಅಕ್ಕಾರ" ಎಂದಳು. ಬೆಳಗಿನ ಐದಕ್ಕೆ ಎದ್ದು ರೊಟ್ಟಿ ಬಡಿದು, ನೀರು ತುಂಬಿ, ಕೂಲಿಗೆ ಹೋಗಿ, ಸಂಜೆ ಮತ್ತೆ ಒಲೆಯ ಮುಂದೆ ಕೂಡುವವಳು ಮೈಗಳ್ಳಿ ಹೇಗಾದಾಳು? ತಪ್ಪು ಅವಳದಲ್ಲ. ನಾಲ್ಕು ಕೆಲಸಗಳನ್ನು ಒಂದೇ ಹಂಗಾಮಿನಲ್ಲಿ ಹಿಡಿದದ್ದೇ ತೊಡಕು. ಮುಂಗಾರಿನ ಬೀಜವನ್ನು ಹಿಂಗಾರಿನಲ್ಲಿ ಬಿತ್ತುವ ರೈತನನ್ನು ನಾವು ಕಂಡಿಲ್ಲ. ಹೊಲಿಗೆಗೆ ಮಾತ್ರ ಹಂಗಾಮು ನೋಡುವ ರೂಢಿ ನಮ್ಮಲ್ಲಿಲ್ಲ.

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ಈ ಭಾಗ ಹೈದರಾಬಾದ್ ರಾಜ್ಯದಲ್ಲಿತ್ತು. ಆ ಯೋಜನೆಯ ಮಹಿಳಾ ಮಂಡಳಗಳಲ್ಲಿ ಹೊಲಿಗೆ, ಹೆಣಿಗೆ ಕಲಿಸುತ್ತಿದ್ದರು. ಕಲಿಸಿದ್ದು ಒಳ್ಳೆಯದೇ. ಆದರೆ ಕೊಪ್ಪಳದ ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಳ್ಳುವುದು ಎಷ್ಟು ದಿನ? ಕೌದಿ, ಕಸೂತಿ, ಕುಂಚಿಗೆ ಮೊದಲೇ ನಮ್ಮ ಅವ್ವಂದಿರ ಕೈಯಲ್ಲಿದ್ದವು.

ಈಗ ಹಂಗಾಮಿನ ಮಾತಿಗೆ ಬರುತ್ತೇನೆ. ಕುಷ್ಟಗಿ, ಯಲಬುರ್ಗಾ ಕಡೆ ಮಳೆಯಾಶ್ರಿತ ಭೂಮಿ. ಜೋಳ, ಕಡಲೆ ರಾಶಿಯಾದ ಮೇಲೆ, ಹೋಳಿ ಹುಣ್ಣಿಮೆಯಿಂದ ರೋಹಿಣಿ ಮಳೆಯವರೆಗೆ ಹೊಲದ ಕೆಲಸ ಕಡಿಮೆ. ಬಿಸಿಲೂ ಚೆನ್ನಾಗಿರುವುದರಿಂದ ಹಳೆಯ ಅರಿವೆ ಒಗೆದರೆ ಬೇಗ ಒಣಗುತ್ತದೆ. ಕೌದಿ ಹಿಡಿಯಲು ಅದೇ ಸಮಯ. ಗಂಗಾವತಿ ಕಡೆ ತುಂಗಭದ್ರಾ ಕಾಲುವೆಯ ನೀರಿದೆ, ಅಲ್ಲಿಯ ಲೆಕ್ಕ ಬೇರೆ. ಭತ್ತದ ನಾಟಿ, ಕಳೆ ಮುಗಿದ ಮೇಲೆ ಕೊಯ್ಲಿನ ತನಕ ಬಿಡುವು. ಕೊಯ್ಲಿಗೆ ಯಂತ್ರ ಬಂದ ಊರುಗಳಲ್ಲಿ ಆ ಬಿಡುವು ಇನ್ನೂ ಉದ್ದವಾಗಿದೆ, ಕೂಲಿ ಮಾತ್ರ ಹೋಯಿತು. ನಾಟಿಯ ದಿನಗಳಲ್ಲಿ ದೊಡ್ಡ ಕೌದಿ ಹಾಸಿ ಕೂಡಬೇಡಿರಿ. ಬೆನ್ನು ನೋಯುತ್ತಿರುವಾಗ ಸಂಜೆ ಕೈಗೆ ಕುಚ್ಚು ಅಥವಾ ಅಂಗೈಯಗಲದ ಕಸೂತಿ ಇದ್ದರೆ ಸಾಕು. ದೊಡ್ಡದು ಒಂದು, ಸಣ್ಣದು ಒಂದು, ಮೂರನೆಯದನ್ನು ಹಿಡಿಯಬೇಡಿರಿ.

ಕೌದಿಯ ಬಗ್ಗೆ ನನ್ನ ಅವ್ವನಿಂದ ಕಲಿತ ಒಂದು ಉಪಾಯವಿದೆ. ಅರಿವೆಗಳನ್ನು ಪದರ ಪದರವಾಗಿ ಹಾಸಿದ ಕೂಡಲೇ ಸಣ್ಣ ಹೊಲಿಗೆಗೆ ತೊಡಗಬಾರದು. ಮೊದಲು ಉದ್ದುದ್ದ ಟಾಕು ಹಾಕಿ ಎಲ್ಲವನ್ನೂ ಹಿಡಿದು ನಿಲ್ಲಿಸಬೇಕು. ಆಮೇಲೆ ಬೀಗರು ಬಂದರೂ, ಕೂಸು ಅತ್ತರೂ, ಸುರುಳಿ ಸುತ್ತಿ ಮೂಲೆಗೆ ಇಡಬಹುದು, ಪದರು ಸರಿಯುವುದಿಲ್ಲ. ಒಳಗೆ ನೂಲಿನ ಹಳೆಯ ಸೀರೆ, ಧೋತರವೇ ಇರಲಿ. ಪಾಲಿಯೆಸ್ಟರ್ ಸೀರೆ ಸೂಜಿಯ ಕೆಳಗೆ ಜಾರುತ್ತದೆ, ಬೆವರನ್ನೂ ಹೀರುವುದಿಲ್ಲ. ಏಳುವಾಗ ಸೂಜಿಗಳನ್ನು ಎಣಿಸಿರಿ. ನಮ್ಮ ಮನೆಯಲ್ಲಿ ಒಮ್ಮೆ ಎಣಿಸದೆ ಎದ್ದದ್ದಕ್ಕೆ, ಕೌದಿಯಲ್ಲಿ ಉಳಿದ ಸೂಜಿ ನನ್ನ ತಂಗಿಯ ಹಿಮ್ಮಡಿಯೊಳಗೆ ಮುರಿಯಿತು. ಅದನ್ನು ತೆಗೆಸಲು ದವಾಖಾನೆಗೆ ಹೊತ್ತುಕೊಂಡು ಹೋಗಬೇಕಾಯಿತು.

ಹೋದ ಬೇಸಗೆಯಲ್ಲಿ ಅವ್ವ ಮತ್ತು ನಾನು ಒಂದು ಕೌದಿಗೆ ಹಿಡಿದ ಸಮಯವನ್ನು ಬರೆದಿಟ್ಟೆವು. ದಿನಕ್ಕೆ ಒಂದೂವರೆ ತಾಸಿನಂತೆ 36 ದಿನ, ಒಟ್ಟು 54 ತಾಸು. ಎಂಟು ತಾಸಿಗೆ ಒಂದು ದಿನವೆಂದರೆ ಏಳು ದಿನಕ್ಕೆ ತುಸು ಕಡಿಮೆ. 2025-26ನೇ ಸಾಲಿನಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಆ ದರದಲ್ಲಿ ಸುಮಾರು 2,500 ರೂಪಾಯಿಯ ದುಡಿಮೆ ಆ ಕೌದಿಯಲ್ಲಿದೆ. ಲೆಕ್ಕ ನೋಡಿ ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾದ್ರ ನಾ ಇಷ್ಟು ವರ್ಷ ಎಷ್ಟ್ ಮಂದಿಗೆ ಪುಕ್ಕಟೆ ಕೊಟ್ಟೀನವಾ?" ಎಂದಳು. ಮಗಳಿಗೆ, ಮೊಮ್ಮಗನಿಗೆ ಪುಕ್ಕಟೆ ಕೊಡೋಣ, ಅದು ಪ್ರೀತಿ. ಆದರೆ ಪ್ಯಾಟಿಯಿಂದ ಬಂದವರು ಮುನ್ನೂರಕ್ಕೆ ಕೇಳಿದರೆ ಈ ಲೆಕ್ಕದ ಚೀಟಿ ತೋರಿಸಿರಿ.

ಹೊಲಿಗೆ ಯಂತ್ರವಿದ್ದವರ ತೊಂದರೆ ಬೇರೆ. ಮನೆಯ ಕೌದಿ ಉಳಿದರೆ ಯಾರೂ ಬಂದು ಕೇಳುವುದಿಲ್ಲ. ಗಿರಾಕಿಯ ಕುಪ್ಪಸ ಉಳಿದರೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ನಾನು ಕಂಡ ಒಬ್ಬ ತಾಯಿ ಸಂಘದ ಸಾಲದಿಂದ ಯಂತ್ರ ತಂದಿದ್ದಳು. ಜನವರಿಯಲ್ಲಿ ಗವಿಮಠದ ಜಾತ್ರೆ ಹತ್ತಿರ ಬಂದಾಗ ಯಾರಿಗೂ ಇಲ್ಲವೆನ್ನದೆ 22 ಕುಪ್ಪಸ ಒಪ್ಪಿಕೊಂಡಳು. ಕಂತು ಕಟ್ಟಬೇಕಲ್ಲ! ಹೊಲಿಯುವುದು ಅವಳೇ, ಕಾಜಾ, ಹುಕ್ಕು, ಕೈಹೊಲಿಗೆಗೆ ಎಂಟನೇ ತರಗತಿಯ ಮಗಳು ಕುಳಿತಳು. ಒಂಬತ್ತು ದಿನ ಹುಡುಗಿ ಶಾಲೆಗೆ ಹೋಗಲಿಲ್ಲ, ಒಂದು ಪರೀಕ್ಷೆಯೂ ತಪ್ಪಿತು. ನಾನು ಕೇಳಲು ಹೋದಾಗ ಹುಡುಗಿ ತಲೆ ಎತ್ತಲಿಲ್ಲ, ಹುಕ್ಕು ಹಚ್ಚುತ್ತಲೇ ಇದ್ದಳು. ಅವಳ ಎಡಗೈ ಬೆರಳುಗಳ ತುದಿಯೆಲ್ಲ ಸೂಜಿ ಚುಚ್ಚಿದ ಗುರುತು.

ತಾಯಿಯನ್ನು ಬೈದು ಬರುವುದು ಸುಲಭವಿತ್ತು. ಅವಳ ಗಂಡ ದುಡಿಯಲು ಊರು ಬಿಟ್ಟು ಹೋಗಿದ್ದ. ಕುಳಿತು ಲೆಕ್ಕ ಹಾಕಿದೆವು. ಅಡಿಗೆ, ದನ, ನೀರು ಕಳೆದು ಯಂತ್ರಕ್ಕೆ ಸಿಗುವ ಹೊತ್ತಿನಲ್ಲಿ ದಿನಕ್ಕೆ ಎರಡು ಕುಪ್ಪಸವಾದರೆ ಹೆಚ್ಚು. ಗೋಡೆಗೆ ಒಂದು ಕ್ಯಾಲೆಂಡರ್ ತೂಗು ಹಾಕಿ, ಒಪ್ಪಿಕೊಂಡ ಪ್ರತಿ ಕುಪ್ಪಸವನ್ನೂ ಕೊಡುವ ತಾರೀಖಿನ ಚೌಕದಲ್ಲಿ ಬರೆಯತೊಡಗಿದಳು. ಚೌಕದಲ್ಲಿ ಎರಡು ತುಂಬಿದರೆ ಮರುದಿನದ್ದು. ಕೈಹೊಲಿಗೆಯನ್ನು ನೆರೆಮನೆಯ ವಿಧವೆ ತಾಯಿಗೆ ಕುಪ್ಪಸಕ್ಕಿಷ್ಟು ಎಂದು ಕೊಟ್ಟಳು. ಮಗಳು ಶಾಲೆಗೆ ಹೋದಳು. ಹೀಗೆ ಮಾಡಿದ್ದರಿಂದ ಎಲ್ಲವೂ ಸರಿಹೋಯಿತೆಂದು ನಾನು ಹೇಳುವುದಿಲ್ಲ. ನಾಲ್ಕೈದು ಗಿರಾಕಿಗಳು ಮುನಿಸಿಕೊಂಡು ಬೇರೆ ಕಡೆ ಹೋದರು, ಆ ತಿಂಗಳ ಕಂತು ತಡವಾಯಿತು, ಸಂಘದಲ್ಲಿ ಮಾತು ಕೇಳಬೇಕಾಯಿತು. ಶ್ರಾವಣದ ಹೊತ್ತಿಗೆ ಮುನಿಸಿಕೊಂಡವರಲ್ಲಿ ಇಬ್ಬರು ತಿರುಗಿ ಬಂದರು, ಹೇಳಿದ ದಿನ ಕೊಡುತ್ತಾಳೆಂದು.

2023ರ ಸೆಪ್ಟೆಂಬರ್ 17ರಂದು ಆರಂಭವಾದ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿ ಕೆಲಸವನ್ನೂ ಸೇರಿಸಿದ್ದಾರೆ. ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲ ಸಾಲ ಒಂದು ಲಕ್ಷದವರೆಗೆ, ತೀರಿಸಲು 18 ತಿಂಗಳು ಎಂದು ಅದರ ನಿಯಮ. ಬೇಕಾದವರಿಗೆ ಅರ್ಜಿಯ ಕೆಲಸದಲ್ಲಿ ನಾನು ಸಹಾಯ ಮಾಡುತ್ತೇನೆ. ಆದರೆ ಮೊದಲು ಎರಡು ತಿಂಗಳು ಆ ಕ್ಯಾಲೆಂಡರ್ ಬರೆಯಿರಿ. ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ತಾಸು ಹೊಲಿಗೆಗೆ ಸಿಗುತ್ತದೆಂದು ತಿಳಿಯದೆ ಲಕ್ಷದ ಸಾಲ ಹೊರಬೇಡಿರಿ.

ಬಾಗಿಲ ಹೊರಗೆ ನಿಂತು ಕೇಳುತ್ತಿರುವ ಅಣ್ಣಂದಿರಿಗೂ ಒಂದು ಮಾತು. ಮನೆಯವರು ಯಂತ್ರದ ಮುಂದೆ ಕುಳಿತ ಹೊತ್ತಿನಲ್ಲಿ ಎರಡು ಕೊಡ ನೀರು ತಂದರೆ, ದನಕ್ಕೆ ಮೇವು ಹಾಕಿದರೆ ಕೈ ಸವೆಯುವುದಿಲ್ಲ. ಆ ಅರ್ಧ ತಾಸಿಗೆ ಒಂದು ಕುಪ್ಪಸದ ಎರಡೂ ತೋಳು ಕೂಡುತ್ತವೆ.

ಬರುವ ಬುಧವಾರ ಮಧ್ಯಾಹ್ನ ಮೂರಕ್ಕೆ ಇಲ್ಲಿಯೇ ಸೇರೋಣ. ಪ್ರತಿಯೊಬ್ಬರೂ ಟ್ರಂಕಿನಲ್ಲಿ ಉಳಿದಿರುವ ಒಂದೇ ಒಂದು ಹೊಲಿಗೆಯನ್ನು ತನ್ನಿರಿ, ಎರಡಲ್ಲ. ಸೂಜಿ, ದಾರ ನಿಮ್ಮದೇ ಇರಲಿ. ಎಣಿಸಿ ತನ್ನಿರಿ, ಎಣಿಸಿ ಒಯ್ಯಿರಿ. ತಂಗಿಯ ಕೂಸಿಗೆಂದು ಹಿಡಿದ ಕುಂಚಿಗೆಯೊಂದು ನನ್ನಲ್ಲಿಯೂ ಉಳಿದಿದೆ. ಅದನ್ನು ತರುತ್ತೇನೆ. ಕೊರಳಿನ ಸುತ್ತು ನನಗೆ ಕೂಡುತ್ತಿಲ್ಲ, ನಿಮ್ಮಲ್ಲಿ ಯಾರಾದರೂ ತೋರಿಸಿಕೊಡಬೇಕು.