ಸೂಲಗಿತ್ತಿಯ ತಾಳ್ಮೆ, ಆಸ್ಪತ್ರೆಯ ಆಸರೆ

(ಹೈದರಾಬಾದಿನ ಹಿಮಾಯತ್‌ನಗರದಲ್ಲಿ ಕನ್ನಡಿಗರನ್ನು ಉದ್ದೇಶಿಸಿ ಮಾಡಿದ ಭಾಷಣದ ಪಠ್ಯ)



ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಪರಿಚಿತವಾದ ಮನೆ, ತಾಯಿಯ ಆರೈಕೆ, ಊರ ಸೂಲಗಿತ್ತಿಯ ಧೈರ್ಯದ ಮಾತು ಇವೆಲ್ಲವೂ ಗರ್ಭಿಣಿಯ ಭಯವನ್ನು ತಗ್ಗಿಸುತ್ತಿದ್ದವು. ಇಂದು ಬಹುತೇಕ ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿರುವುದು ಸ್ವಾಗತಾರ್ಹ. ಆದರೆ ಆ ಧೈರ್ಯ, ಆ ತಾಳ್ಮೆ ಆಸ್ಪತ್ರೆಯೊಳಗೂ ದೊರೆಯಬೇಕೆಂಬುದೇ ನನ್ನ ಮಾತಿನ ಸಾರಾಂಶ.

ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿರುವ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರನ್ನು ತಾವು ಕೇಳಿರಬಹುದು. ಶಾಲೆಯ ವಿದ್ಯಾಭ್ಯಾಸವಿಲ್ಲದ ಅವರು ಈ ವಿದ್ಯೆಯನ್ನು ತಮ್ಮ ಅಜ್ಜಿಯಿಂದ ಕಲಿತರು. ಪ್ರತಿಫಲ ಬಯಸದೆ ಸುಮಾರು ಏಳು ದಶಕಗಳ ಕಾಲ ಸೇವೆ ಸಲ್ಲಿಸಿದರು. ಅವರು ಮಾಡಿಸಿದ ಹೆರಿಗೆಗಳ ಸಂಖ್ಯೆ 15,000ಕ್ಕೂ ಹೆಚ್ಚೆಂದು ಹೇಳಲಾಗಿದೆ. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟನ್ನೂ, 2018ರಲ್ಲಿ ಭಾರತ ಸರ್ಕಾರವು ಪದ್ಮಶ್ರೀ ಪ್ರಶಸ್ತಿಯನ್ನೂ ನೀಡಿ ಅವರನ್ನು ಗೌರವಿಸಿದವು. ಅದೇ ವರ್ಷದ ಡಿಸೆಂಬರ್ 25ರಂದು ಅವರು ನಿಧನರಾದರು.

ಇಂತಹವರನ್ನು ಗೌರವಿಸುವಾಗ ಹಳೆಯ ಕಾಲದ ನೋವನ್ನೂ ಮರೆಯಲಾಗದು. ಹೆರಿಗೆಯ ನಂತರದ ರಕ್ತಸ್ರಾವ, ನಂಜು, ಧನುರ್ವಾಯುಗಳಿಗೆ ಅಸಂಖ್ಯಾತ ತಾಯಂದಿರೂ ಶಿಶುಗಳೂ ಬಲಿಯಾದರು. ಎಷ್ಟೇ ನುರಿತ ಕೈಯಾದರೂ ರಕ್ತವನ್ನು ಕೊಡಲಾರದು, ಶಸ್ತ್ರಚಿಕಿತ್ಸೆಯನ್ನು ಮಾಡಲಾರದು. ಆದುದರಿಂದಲೇ ಸೂಲಗಿತ್ತಿಯರಿಗೆ ನೀಡುತ್ತಿದ್ದ ತರಬೇತಿಯಲ್ಲಿ ಶುಚಿಯಾದ ಕೈ, ಶುಚಿಯಾದ ಜಾಗ, ಹೊಸ ಬ್ಲೇಡು, ಶುಚಿಯಾದ ದಾರ, ಏನನ್ನೂ ಹಚ್ಚದ ಹೊಕ್ಕುಳು ಎಂಬ ಐದು ನಿಯಮಗಳಿಗೆ ಮಹತ್ವವಿತ್ತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಜಾರಿಗೆ ಬಂದ ಮೇಲೆ ಆಸ್ಪತ್ರೆಯ ಹೆರಿಗೆಗೆ ವಿಶೇಷ ಪ್ರೋತ್ಸಾಹ ದೊರೆಯಿತು.

ಹಳೆಯ ರೂಢಿಗಳೆಲ್ಲವೂ ತ್ಯಾಜ್ಯವಲ್ಲ; ಎಲ್ಲವೂ ಗ್ರಾಹ್ಯವೂ ಅಲ್ಲ. ನೋವಿನ ವೇಳೆ ಓಡಾಡಲು ಬಿಡುವುದು, ಅನುಕೂಲವೆನಿಸಿದ ಭಂಗಿಯಲ್ಲಿ ಹೆರಲು ಅವಕಾಶ ಕೊಡುವುದು, ಆಪ್ತರೊಬ್ಬರು ಜೊತೆಗಿರುವುದು ಇವುಗಳನ್ನು ವಿಶ್ವ ಆರೋಗ್ಯ ಸಂಸ್ಥೆಯೂ 2018ರ ಶಿಫಾರಸುಗಳಲ್ಲಿ ಎತ್ತಿಹಿಡಿದಿದೆ. ತಾಯಿಯ ಮೊದಲ ಹಾಲನ್ನು ಚೆಲ್ಲುವುದು, ಬಾಣಂತಿಗೆ ನೀರು ಕೊಡದಿರುವುದು, ಹೊಕ್ಕುಳಿಗೆ ಬೂದಿ ಹಚ್ಚುವುದು ಇವು ಮಾತ್ರ ಅಪಾಯಕಾರಿ, ಇವನ್ನು ಬಿಡಲೇಬೇಕು.

ಈ ನಗರದಲ್ಲಿ ನಾವು ಯೋಚಿಸಬೇಕಾದ ಇನ್ನೊಂದು ಸಂಗತಿಯಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತೆಲಂಗಾಣದಲ್ಲಿ 100 ಹೆರಿಗೆಗಳಲ್ಲಿ ಸುಮಾರು 61 ಶಸ್ತ್ರಚಿಕಿತ್ಸೆಯ ಮೂಲಕ ಆಗಿವೆ. ದೇಶದ ಸರಾಸರಿ ಸುಮಾರು 21 ಮಾತ್ರ. ಅಗತ್ಯವಿದ್ದಲ್ಲಿ ಶಸ್ತ್ರಚಿಕಿತ್ಸೆ ಪ್ರಾಣ ಉಳಿಸುತ್ತದೆ. ಮುಹೂರ್ತ ನೋಡಿ ಹೊಟ್ಟೆ ಕೊಯ್ಯಿಸುವುದರಿಂದ ತಾಯಿಗೆ ಅನಗತ್ಯ ಗಾಯವಾಗುತ್ತದೆ, ಮುಂದಿನ ಹೆರಿಗೆಗೂ ತೊಡಕಾಗಬಹುದು.

ಇದಕ್ಕೊಂದು ಪರಿಹಾರದ ದಾರಿ ನಮ್ಮ ನೆರೆಯಲ್ಲಿಯೇ ತೆರೆದಿದೆ. ಸಮೀಪದ ಬೊಗ್ಗುಲಕುಂಟದಲ್ಲಿ 1948ರಲ್ಲಿ ಆರಂಭವಾದ ಫರ್ನಾಂಡಿಸ್ ಆಸ್ಪತ್ರೆಯು 2011ರಲ್ಲಿ ಪ್ರಸೂತಿ ದಾದಿಯರ ವಿಶೇಷ ತರಬೇತಿಯನ್ನು ಪ್ರಾರಂಭಿಸಿತು. 2017ರಲ್ಲಿ ತೆಲಂಗಾಣ ಸರ್ಕಾರವೂ ಸರ್ಕಾರಿ ದಾದಿಯರಿಗೆ ಇಂತಹ ತರಬೇತಿಯನ್ನು ಕೈಗೊಂಡಿತು. 2018ರಲ್ಲಿ ಕೇಂದ್ರ ಸರ್ಕಾರವು ದೇಶಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿಗಳನ್ನು ಪ್ರಕಟಿಸಿತು. ಸಹಜ ಹೆರಿಗೆಯನ್ನು ತಾಳ್ಮೆಯಿಂದ ನಡೆಸುವುದು, ತೊಡಕು ಕಂಡೊಡನೆ ವೈದ್ಯರನ್ನು ಕರೆಯುವುದು ಈ ದಾದಿಯರ ಕೆಲಸ.

ಕುಟುಂಬದ ಕರ್ತವ್ಯವೂ ಇದೆ. ಗರ್ಭಿಣಿಯ ಹೆಸರನ್ನು ಬೇಗನೆ ನೋಂದಾಯಿಸಿ, ನಿಯಮಿತವಾಗಿ ತಪಾಸಣೆ ಮಾಡಿಸಿ. ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮಗುವಿನ ಚಲನೆ ಕುಗ್ಗುವುದು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ; 108ಕ್ಕೆ ಕರೆ ಮಾಡಿದರೆ ವಾಹನ ಬರುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಉಚಿತ. ಮನೆಯ ಹಿರಿಯ ಹೆಂಗಸರೊಬ್ಬರು ಜೊತೆಗಿರಲು ಅವಕಾಶ ಉಂಟೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಸುರಕ್ಷತೆ ಮತ್ತು ಅಂತಃಕರಣ ಇವೆರಡೂ ಪ್ರತಿಯೊಬ್ಬ ತಾಯಿಗೂ ಸಲ್ಲಬೇಕಾದ ಹಕ್ಕು. ಒಂದಕ್ಕಾಗಿ ಇನ್ನೊಂದನ್ನು ಬಿಟ್ಟುಕೊಡಬೇಕಾಗಿಲ್ಲ.