ಆಟ ಮುಗಿದ ಮೇಲೂ ಗೊಂಬೆ ನಮ್ಮದೇ

ಇವತ್ತು ಒಂದು ಗುಂಡಿಯ ಕಥೆ. ರಸ್ತೆ ಗುಂಡಿ ಅಲ್ಲ, ಅಂಗಿ ಗುಂಡಿ.

ನಾನು ಮತ್ತು ನನ್ನ ಅಕ್ಕ ವಾರಾಂತ್ಯದಲ್ಲಿ ಗೊಂಬೆಯಾಟ ಆಡಿಸ್ತೀವಿ. ಆಟ ಮುಗಿದ ಮೇಲೆ ಅಲ್ಲೇ ಟೇಬಲ್ ಹಾಕಿ, ನಾವೇ ಹೊಲಿದ ಬಟ್ಟೆ ಗೊಂಬೆ ಮಾರ್ತೀವಿ. ನಿಜ ಹೇಳ್ಬೇಕಂದ್ರೆ ಆಟದ ಸಂಭಾವನೆಗಿಂತ ಗೊಂಬೆ ದುಡ್ಡೇ ಜಾಸ್ತಿ.

ಕಳೆದ ವರ್ಷ ಒಬ್ಬ ತಾಯಿ ಫೋನ್ ಮಾಡಿದ್ರು. "ನಿಮ್ಮ ಗೊಂಬೆ ಕಣ್ಣಿನ ಗುಂಡಿ ಕಿತ್ತು ಬಂದು ನನ್ನ ಮಗು ಬಾಯಲ್ಲಿತ್ತು. ನೋಡಿ ತೆಗೆದೆ. ನೋಡದೇ ಇದ್ದಿದ್ರೆ?" ಬೈಯಲಿಲ್ಲ. ಅಷ್ಟೇ ಕೇಳಿ ಫೋನ್ ಇಟ್ರು.

ಅಕ್ಕ ಅಂದ್ಲು, "ಇನ್ಶೂರೆನ್ಸ್ ಇದೆಯಲ್ವಾ?" ಇತ್ತು. ಆದ್ರೆ ಅದು ಕಾರ್ಯಕ್ರಮದ್ದು. ಪರದೆಯ ಕಂಬ ಬಿದ್ದು ಪ್ರೇಕ್ಷಕರಿಗೆ ಪೆಟ್ಟಾದ್ರೆ, ಆ ದಿನಕ್ಕೆ, ಆ ಜಾಗಕ್ಕೆ ಮಾತ್ರ. ಮನೆಗೆ ಹೋದ ಗೊಂಬೆಗೆ ಅಲ್ಲ. ಬಿಕಾಂ ಮಾಡಿದ ನಾನು ಪಾಲಿಸಿ ಪೂರ್ತಿ ಓದಿದ್ದು ಅವತ್ತೇ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆ ಅಂತಲೇ ಒಂದು ಅಧ್ಯಾಯ ಇದೆ. ತಯಾರಿಕೆಯಲ್ಲಿ ದೋಷ, ವಿನ್ಯಾಸದಲ್ಲಿ ದೋಷ, ಬೇಕಾದಷ್ಟು ಎಚ್ಚರಿಕೆ ಬರೆಯದೇ ಇರೋದು, ಇವುಗಳಿಂದ ಯಾರಿಗಾದ್ರೂ ಹಾನಿಯಾದ್ರೆ ತಯಾರಿಸಿದವರು ಪರಿಹಾರ ಕೊಡಬೇಕಾಗುತ್ತೆ. 2021ರ ಜನವರಿಯಿಂದ ಮಕ್ಕಳ ಆಟಿಕೆಗೆ ಬಿಐಎಸ್ ಗುರುತೂ ಕಡ್ಡಾಯ. ಕೇಂದ್ರದ ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ, ಅಕ್ಕನ ಹತ್ರ ಆ ಕಾರ್ಡೂ ಇದೆ. ಆದ್ರೆ ವಿನಾಯಿತಿ ಸಿಗೋದು ಗುರುತಿನಿಂದ, ಹೊಣೆಯಿಂದ ಅಲ್ಲ.

ನಿಮ್ಮದೂ ನಮ್ಮ ಥರದ ಕೆಲಸವಾದ್ರೆ ಏಜೆಂಟ್ ಹತ್ರ ಮೂರು ಪ್ರಶ್ನೆ ಕೇಳಿ. ಒಂದು, ಪಾಲಿಸಿಯಲ್ಲಿ ಪಬ್ಲಿಕ್ ಲಯಬಿಲಿಟಿ ಜೊತೆ ಪ್ರಾಡಕ್ಟ್ ಲಯಬಿಲಿಟಿನೂ ಇದೆಯಾ? ಕಮರ್ಷಿಯಲ್ ಜನರಲ್ ಲಯಬಿಲಿಟಿ ಅನ್ನೋ ಪಾಲಿಸಿಯಲ್ಲಿ ಎರಡೂ ಸೇರಿರಬಹುದು. ಎರಡು, ಈ ವರ್ಷ ಮಾರಿದ್ದಕ್ಕೆ ಮುಂದಿನ ವರ್ಷ ದೂರು ಬಂದ್ರೆ ಯಾರು ಕೊಡ್ತಾರೆ? ಮೂರು, ಮೊದಲ ಎಷ್ಟು ರೂಪಾಯಿ ನಮ್ಮ ಜೇಬಿಂದ ಹೋಗುತ್ತೆ? ಉತ್ತರ ಬಾಯಲ್ಲಿ ಬೇಡ, ಬರವಣಿಗೆಯಲ್ಲಿ ತಗೊಳ್ಳಿ. ಮಾರೋ ವಿಷಯ ಅರ್ಜಿಯಲ್ಲಿ ಮುಚ್ಚಿಡಬೇಡಿ. ಮುಚ್ಚಿಟ್ರೆ ಕ್ಲೇಮ್ ಹೋಯ್ತು ಅಂತಲೇ ಲೆಕ್ಕ.

ಈಗ ನಾವು ಕಣ್ಣನ್ನ ದಾರದಲ್ಲೇ ಕಸೂತಿ ಹಾಕ್ತೀವಿ. ಹಳೇ ಗೊಂಬೆ ತಗೊಂಡವರಲ್ಲಿ ನಂಬರ್ ಇದ್ದವರಿಗೆಲ್ಲ ಮೆಸೇಜ್ ಮಾಡಿದ್ವಿ. ನಂಬರ್ ಇಲ್ಲದವರೇ ಜಾಸ್ತಿ. ಅದಕ್ಕೇ ಈ ಎಪಿಸೋಡ್. ಮನೆಯಲ್ಲಿ ಗುಂಡಿ ಕಣ್ಣಿನ ಬಟ್ಟೆ ಗೊಂಬೆ ಇದ್ರೆ, ನಮ್ಮದೋ ಬೇರೆಯವರದೋ, ಈಗಲೇ ಒಂದ್ಸಲ ಕಣ್ಣು ಜಗ್ಗಿ ನೋಡಿ. ಸಡಿಲ ಇದ್ರೆ ಕತ್ತರಿಸಿ ತೆಗೀರಿ. ಕಣ್ಣಿಲ್ಲದಿದ್ರೂ ಮಗು ಅದರ ಜೊತೆ ಆಡುತ್ತೆ.